ಕಟ್ಟು ಬಿದ್ದ ಅಂಗಡಿ

ಸಕಿಯಾಸಿಯ ಅಂಗಡಿಯ ಹಿಂದಿನ ಗೋದಾಮಿಗೆ ಬೆಂಕಿ ಬಿದ್ದಾಗ ಅದರ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಒಳಗೆ ಉನಾಯ್ಸಿಯ ಮಗಳು ಲಿತಿಯಾ ಸಕ್ಕರೆ ತೂಗಿ ಪೊಟ್ಟಣ ಕಟ್ಟುತ್ತಿದ್ದಳು. ಬೀಗದ ಕೈ ಸಕಿಯಾಸಿಯ ಜೇಬಿನಲ್ಲಿತ್ತು. ಸಕಿಯಾಸಿ ಸುವಾ ಪೇಟೆಯಲ್ಲಿದ್ದ.

ಅದಾಗಿ ಮೂರು ತಿಂಗಳ ಮೇಲೆ, "ಏನು ಕೊಡ್ಲಿ ಅಮ್ಮ?" ಎಂದು ಫೂಲ್‌ಮತಿ ಎರಡನೇ ಸಲ ಕೇಳಿದಾಗ ಉನಾಯ್ಸಿ ಎಚ್ಚೆತ್ತಳು. ಎಷ್ಟು ಹೊತ್ತಿನಿಂದ ಆ ಟಿನ್ ಮೀನಿನ ಸಾಲಿನ ಮುಂದೆ ನಿಂತಿದ್ದಳೋ. ಫೂಲ್‌ಮತಿಯ ಅಂಗಡಿಯಲ್ಲಿ ಡಬ್ಬಗಳೆಲ್ಲ ಮುಖ ಮುಂದೆ ಮಾಡಿ ಶಾಲೆಯ ಮಕ್ಕಳ ಹಾಗೆ ನಿಂತಿರುತ್ತವೆ. ನೆಲಕ್ಕೆ ಬಿಳಿ ಟೈಲ್ಸು. ತಲೆಯ ಮೇಲೆ ಫ್ಯಾನು. ಮೂಲೆಯ ದೇವರ ಪಟಕ್ಕೆ ಹಚ್ಚಿದ ಊದುಬತ್ತಿಯ ವಾಸನೆ ಸಾಬೂನಿಗೂ ಹತ್ತಿರುತ್ತದೆ. ಉನಾಯ್ಸಿ ಒಂದು ಡಬ್ಬಕ್ಕೆ ಕೈ ಚಾಚಿದಳು. ಅಷ್ಟರಲ್ಲಿ ಕಿವಿಯ ಹತ್ತಿರ, ಸರಿಯಾಗಿ ಎಡಗಿವಿಯ ಹತ್ತಿರ, ಲಿತಿಯಾ ಹೇಳಿದಳು:

"ಅಮ್ಮಾ, ಅದನ್ನ ಮುಟ್ಟಬೇಡ. ನಮ್ಮಲ್ಲಿ ಕಡಿಮೆ."

ಯಾವಾಗಲೂ ಹೀಗೆಯೇ. ಮಣ್ಣಿನಲ್ಲಿ ಮಲಗಿದವಳು ಬೇರೇನನ್ನೂ ಹೇಳುವುದಿಲ್ಲ. ಉರಿಯಿತು ಎನ್ನುವುದಿಲ್ಲ, ಅಮ್ಮಾ ಎಂದು ಅಳುವುದಿಲ್ಲ, ಕನಸಿಗೂ ಬರುವುದಿಲ್ಲ. ಇಲ್ಲಿ, ಈ ತಂಪು ಅಂಗಡಿಯಲ್ಲಿ, ಉನಾಯ್ಸಿ ಯಾವ ವಸ್ತುವಿಗೆ ಕೈ ಹಾಕಿದರೂ ಅದರ ಬೆಲೆ ಸಕಿಯಾಸಿಯ ಹತ್ತಿರ ಎಷ್ಟು ಎಂದು ಹೇಳುತ್ತಾಳೆ. ಬದುಕಿದ್ದಾಗಲೂ ಅಷ್ಟೇ. "ಆ ಅಮ್ಮ ಫ್ಯಾನಿನ ಗಾಳಿಗೂ ದುಡ್ಡು ಹಾಕ್ತಾಳೆ" ಎಂದು ನಗುತ್ತಿದ್ದಳು. ಸಕಿಯಾಸಿಯ ಅಂಗಡಿಗೆ "ನಮ್ಮಲ್ಲಿ" ಎನ್ನುತ್ತಿದ್ದಳು. ವಾರದ ಕೂಲಿಗೆ ಮೂಟೆ ಹೊರುವವಳಿಗೆ ಆ ಅಂಗಡಿ ನಮ್ಮದಾಗಿತ್ತು.

"ಮೀನು ಬೇಡ," ಎಂದಳು ಉನಾಯ್ಸಿ. "ಹಿಟ್ಟು ಕೊಡಿ. ಚಹಾಪುಡಿ."

"ಸಕ್ಕರೆ?"

"ಬೇಡ."

ಫೂಲ್‌ಮತಿ ಆಮೇಲೆ ಒತ್ತಾಯ ಮಾಡಲಿಲ್ಲ. ಆಕೆಯ ಸೊಸೆ ಹಿಟ್ಟಿನ ಚೀಲವನ್ನು ಕಾಗದದ ಕೈಚೀಲಕ್ಕೆ ಇಳಿಸಿದಳು. ಸಕಿಯಾಸಿಯ ಹತ್ತಿರ ಕೈಚೀಲವಿಲ್ಲ. ಲಂಗದ ಮಡಿಲಲ್ಲಿ ಕಟ್ಟಿಕೊಂಡು ಹೋಗಬೇಕು.

ಹೊರಗೆ ಬಸ್ಸಿನ ತಂಗುದಾಣದ ಬಳಿ ಮಕೆರೆತಾ ಮರಗೆಣಸಿನ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಉನಾಯ್ಸಿಯ ಸತ್ತ ಗಂಡನಿಗೆ ಅವಳು ಅತ್ತೆಯ ಮಗಳು. ಹಾಗಾಗಿ ಉನಾಯ್ಸಿಯನ್ನು ಚುಡಾಯಿಸುವುದು ಅವಳ ಹುಟ್ಟುಹಕ್ಕು. ಸಾವಿನ ಮನೆಯಲ್ಲೂ ಬಿಡುವ ಹಾಗಿಲ್ಲ, ಬಿಟ್ಟರೆ ನೆಂಟಸ್ತಿಕೆಗೇ ಅವಮಾನ.

"ಓಹೋ, ಮಹಾರಾಣಿ ಬಂದಳು ನೋಡ್ರಪ್ಪ! ಕಾಗದದ ಚೀಲ! ಹೊಟ್ಟೆಗೆ ಗೆಣಸಿಲ್ಲ, ಕಿವಿಗೆ ದಾಸವಾಳ."

"ನಿನ್ನ ಗೆಣಸು ಕೊಳೆತಿದೆ ಕಣೇ. ಅದಕ್ಕೇ ದಾಸವಾಳ ಇಟ್ಕೊಂಡಿದೀನಿ, ವಾಸನೆ ತಡೆಯಕ್ಕೆ."

ಮಕೆರೆತಾ ಜೋರಾಗಿ ನಕ್ಕಳು. ನಗು ನಿಂತ ಮೇಲೆ ಪಕ್ಕದ ಜಾಗವನ್ನು ಕೈಯಿಂದ ಒರೆಸಿದಳು. ಉನಾಯ್ಸಿ ಕೂತಳು.

"ಶನಿವಾರ ಆಗತ್ತಲ್ಲ ಅತ್ತಿಗೆ?"

"ಏನು?"

"ಏನು ಅಂತೆ! ಇಡೀ ಕೇರಿ ಬೆರಳು ಮಡಚ್ಕೊಂಡು ಕೂತಿದೆ. ನೂರನೇ ರಾತ್ರಿ ಶುಕ್ರವಾರ. ಶನಿವಾರ ಬೆಳಿಗ್ಗೆ ಕಟ್ಟು ಕೀಳ್ತೀಯ. ನನ್ನ ಮಗಳು ವಾಸಿತಿಗೆ ಅವತ್ತಿಂದಲೇ ಕೆಲಸ ಅಂದಿದಾನೆ ಸಕಿಯಾಸಿ."

"ಯಾವ ಕೆಲಸ?"

ಮಕೆರೆತಾ ಒಂದು ಗೆಣಸನ್ನು ತಿರುಗಿಸಿ ಇಟ್ಟಳು. ಇನ್ನೊಂದನ್ನೂ ತಿರುಗಿಸಿದಳು. "ಇನ್ಯಾವ ಕೆಲಸ? ಅದೇ."

*

ದ್ವೀಪಗಳಲ್ಲಿ ಸಾವಾದರೆ ಹವಳದ ದಂಡೆಗೆ ಕಟ್ಟು ಹಾಕುತ್ತಾರೆ. ತೆಂಗಿನ ಗರಿ ಸುತ್ತಿದ ಒಂದು ಕೋಲನ್ನು ನೀರಿನಲ್ಲಿ ನೆಟ್ಟರೆ ಮುಗಿಯಿತು, ನೂರು ರಾತ್ರಿ ಯಾರೂ ಅಲ್ಲಿ ಬಲೆ ಬೀಸುವುದಿಲ್ಲ. ಮೀನಿಗೂ ಸೂತಕ, ಮನುಷ್ಯನಿಗೂ ಸೂತಕ. ನೂರು ಕಳೆದ ಮೇಲೆ ಕೋಲು ನೆಟ್ಟ ಕೈಯೇ ಅದನ್ನು ಕೀಳಬೇಕು, ಅದೇ ಕೈಯ ಬಲೆ ಮೊದಲು ನೀರಿಗೆ ಬೀಳಬೇಕು. ಆಮೇಲೆ ಊರಿಗೆ ಊರೇ ನುಗ್ಗುತ್ತದೆ. ಅಷ್ಟು ದಿನ ಯಾರೂ ಮುಟ್ಟದ ಮೀನು ಅಂದು ಕೈಗೆ ಬಂದು ಬೀಳುತ್ತದೆ.

ವುನಿದೊಂಗೊ ಕೇರಿಯ ಜನಕ್ಕೆ ದಂಡೆ ಇಲ್ಲ. ಅವರ ಅಪ್ಪಂದಿರು ಕೂಲಿಗಾಗಿ ದ್ವೀಪ ಬಿಟ್ಟು ಸುವಾದ ಅಂಚಿಗೆ ಬಂದು ಉಪ್ಪುನೀರಿನ ಕಾಂಡ್ಲಾ ಗಿಡಗಳ ಕೆಸರಿನಲ್ಲಿ ಕಂಬ ನೆಟ್ಟು ತಗಡು ಹೊದಿಸಿದವರು. ಮುಂದೆ ಇರುವ ನೀರು ಕಾರ್ಖಾನೆಯದು. ಲಿತಿಯಾಳನ್ನು ಮಣ್ಣು ಮಾಡಿದ ನಾಲ್ಕನೇ ದಿನ ಹಿರಿಯರು ಯಂಗೋನ ಬೇರಿನ ಪಾನೀಯದ ಬಟ್ಟಲ ಸುತ್ತ ಕೂತು, ಯಾವುದಕ್ಕೆ ಕಟ್ಟು ಹಾಕೋಣ, ಕೋಳಿ ಮಾಂಸ ಬಿಡೋಣವೇ, ವಾಲಿಬಾಲ್ ನಿಲ್ಲಿಸೋಣವೇ ಎಂದು ಮಾತಾಡುತ್ತಿದ್ದರು. ಅಡುಗೆಯ ಗುಡಿಸಲಿನಿಂದ ಉನಾಯ್ಸಿ ಎದ್ದು ಬಂದಳು. ಹೆಂಗಸರು ಅಲ್ಲಿ ಮಾತಾಡುವುದಿಲ್ಲ. ಅವಳು ಮಾತಾಡಿದಳು.

"ನಮ್ಮ ದಂಡೆ ಸಕಿಯಾಸಿ ಅಂಗಡಿ. ನಮ್ಮ ಮೀನೆಲ್ಲ ಅವನ ಡಬ್ಬದಲ್ಲಿದೆ."

ಅಷ್ಟು ಹೇಳಿ ಕೋಲು ಕಡಿದು, ಗರಿ ಸುತ್ತಿ, ಒಬ್ಬಳೇ ಹೋಗಿ ಅಂಗಡಿಯ ಮೆಟ್ಟಿಲ ಮುಂದೆ ನೆಟ್ಟಳು. ಯಾರೂ ತಡೆಯಲಿಲ್ಲ. ಅಂದು ಕೇರಿಗೆ ಸಿಟ್ಟಿತ್ತು. ಸುಟ್ಟ ಸಕ್ಕರೆಯ ವಾಸನೆ ಇನ್ನೂ ಗಾಳಿಯಲ್ಲಿತ್ತು. ಬೆಂಕಿಯ ದಿನ ಮೂಟೆಗಳು ಕರಗಿ, ಬೀಗ ಹಾಕಿದ ಬಾಗಿಲ ಕೆಳಗಿನಿಂದ ಕಂದು ಬಣ್ಣದ ಪಾಕ ಹರಿದು ಬಂದು ಸಿಮೆಂಟಿನ ಮೇಲೆ ಗಟ್ಟಿಯಾಗಿತ್ತು. ಮರುದಿನ ಪುಟ್ಟ ಮಕ್ಕಳು ಅದನ್ನು ಕಲ್ಲಿನಿಂದ ಕೆತ್ತಿ ತಿಂದವು. ದೊಡ್ಡವರು ನೋಡಿ ಕಿರುಚುವಷ್ಟರಲ್ಲಿ ಎಷ್ಟೋ ತಿಂದಾಗಿತ್ತು. ಪೊಲೀಸರು ಬಂದರು. ಆಕಸ್ಮಿಕ ಎಂದು ಬರೆದುಕೊಂಡರು, ಹೋದರು.

ಸಿಟ್ಟಿಗೆ ಹೊಟ್ಟೆಯಷ್ಟು ಆಯುಸ್ಸಿಲ್ಲ. ಮೊದಲ ವಾರಗಳಲ್ಲಿ ಜನ ಫೂಲ್‌ಮತಿಯ ಟೈಲ್ಸಿನ ಮೇಲೆ ಚಪ್ಪಲಿ ಬಿಟ್ಟು ನಡೆದರು, ಫ್ಯಾನಿನ ಕೆಳಗೆ ನಿಂತು ಬೆವರು ಆರಿಸಿಕೊಂಡರು, ತಾವೂ ಮರ್ಯಾದಸ್ಥರು ಎಂದುಕೊಂಡರು. ಆಮೇಲೆ ಅಕ್ಕಿ ತಿಂಗಳ ಕೊನೆಗೆ ಸಾಲದೆ ಹೋಯಿತು. ಮಗುವಿಗೆ ಹಾಲಿನ ಪುಡಿ ತೆಳ್ಳಗಾಯಿತು. ಫೂಲ್‌ಮತಿ ಸಾಲ ಕೊಡುವವಳಲ್ಲ. ಗೋಡೆಯ ಮೇಲೆ ಬರೆದು ತೂಗುಹಾಕಿದ್ದಾಳೆ. ಸಕಿಯಾಸಿ ಕೊಡುತ್ತಿದ್ದ. "ಸತ್ತವಳು ಒಬ್ಬಳು, ಉಪವಾಸ ಎಲ್ಲರಿಗೆ" ಎಂದು ನೀರಿನ ನಲ್ಲಿಯ ಹತ್ತಿರ ಯಾರೋ ಅಂದರು. ಉನಾಯ್ಸಿಯ ಕೊಡ ತುಂಬುತ್ತಿತ್ತು. ಅವಳು ತಿರುಗಿ ನೋಡಲಿಲ್ಲ, ಯಾರ ದನಿ ಎಂದು ತಿಳಿದುಬಿಟ್ಟರೆ ಕಷ್ಟ.

ಕಳೆದ ಭಾನುವಾರ, ಚರ್ಚು ಬಿಟ್ಟ ಮೇಲೆ, ಸಕಿಯಾಸಿ ತಿಮಿಂಗಿಲದ ಹಲ್ಲು ತಂದ. ನಾರಿನ ಹಗ್ಗ ಕಟ್ಟಿದ, ಎಣ್ಣೆ ಕುಡಿದು ಹಳದಿಯಾದ ದೊಡ್ಡ ಹಲ್ಲು. ಉನಾಯ್ಸಿಯ ಗಂಡನ ಅಣ್ಣ ನೆಮಾನಿಯ ಮನೆಯ ಹೊಸಿಲಿನಾಚೆ ಮಂಡಿಯೂರಿ, ತಲೆ ತಗ್ಗಿಸಿ, ತನ್ನ ತಪ್ಪು ಮಣ್ಣಾಗಲಿ ಎಂದು ಬೇಡಿಕೊಂಡ. ಅತ್ತ. ಅವನ ಅಳು ಸುಳ್ಳಲ್ಲ ಎಂದು ಬಾಗಿಲ ಸಂದಿಯಿಂದ ನೋಡುತ್ತಿದ್ದ ಉನಾಯ್ಸಿಗೂ ಗೊತ್ತಾಯಿತು. ನೆಮಾನಿ ಕೈ ಚಾಚಿ ಹಲ್ಲನ್ನು ತೆಗೆದುಕೊಂಡ. ಹಲ್ಲು ತೆಗೆದುಕೊಂಡರೆ ಅಲ್ಲಿಗೆ ಮುಗಿಯಿತು. ಅದರ ಮೇಲೆ ಮಾತಿಲ್ಲ, ದೂರಿಲ್ಲ, ಮನಸ್ಸಿನಲ್ಲೂ ಇರಕೂಡದು. ಮಗು ತಂದೆಯ ಕುಲದ್ದು. ಹೆತ್ತವಳನ್ನು ಯಾರೂ ಕೇಳಲಿಲ್ಲ.

"ಶನಿವಾರ ನೀನೇ ಕಟ್ಟು ಕಿತ್ತು ಮೊದಲು ಒಳಗೆ ಹೋಗಬೇಕು ಕಣಮ್ಮ," ಎಂದಿದ್ದ ನೆಮಾನಿ ಆ ಸಂಜೆ, ಅಷ್ಟು ದೊಡ್ಡ ಹಲ್ಲನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು. "ಏನಾದ್ರೂ ಒಂದು ತಗೋ. ಉಪ್ಪಾದ್ರೂ ಸರಿ. ಆಮೇಲೆ ಎಲ್ಲರೂ ಬರ್ತಾರೆ. ಕೇರಿ ಉಸಿರಾಡಲಿ."

ಅವಳು ಆಗ "ಹೂಂ" ಎಂದಿದ್ದಳು.

*

ಗುರುವಾರ ಪೇಟೆಯಲ್ಲಿ ಕೂಲಿಗೆ ಬಟ್ಟೆ ಒಗೆದು ಬರುವಾಗ ಉನಾಯ್ಸಿ ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿದು, ಕಾಂಡ್ಲಾ ಗಿಡಗಳ ಕಡೆಯಿಂದ ಬಳಸಿ ಸಕಿಯಾಸಿಯ ಅಂಗಡಿಯ ಹಿಂದಕ್ಕೆ ಬಂದಳು. ಇಷ್ಟು ದಿನ ಆ ಬದಿಗೆ ಕಾಲಿಟ್ಟಿರಲಿಲ್ಲ. ಗೋದಾಮನ್ನು ಹೊಸದಾಗಿ ಕಟ್ಟಿದ್ದರು. ಸಿಮೆಂಟಿನ ಇಟ್ಟಿಗೆ, ಮೇಲೆ ಹಸಿರು ತಗಡು. ಕೆಳಗೆ ಹಳೆಯ ನೆಲ ಹಾಗೆಯೇ ಇತ್ತು. ಎಷ್ಟು ಉಜ್ಜಿದ್ದರೂ ಒಂದು ಕಡೆ ಕಪ್ಪು ಹೊಳಪು ಉಳಿದಿತ್ತು, ಅದರ ಅಂಚಿನಲ್ಲಿ ಇರುವೆಗಳು ಸಾಲಾಗಿ ಹೋಗುತ್ತಿದ್ದವು.

ಬಾಗಿಲು ಹೊಸದು, ಕಬ್ಬಿಣದ್ದು. ಹಳೆಯದು ಮರದ್ದಾಗಿತ್ತು. ಹೊರಗಡೆ, ಎದೆಯ ಎತ್ತರಕ್ಕೆ, ಅಗುಳಿ. ಅಗುಳಿಗೆ ಬೀಗ.

ಅವಳು ಎಡಕ್ಕೆ ಸ್ವಲ್ಪ ತಲೆ ವಾಲಿಸಿ ನಿಂತಳು. ಇಲ್ಲಿಯಾದರೂ ಲಿತಿಯಾ ಏನಾದರೂ ಹೇಳುತ್ತಾಳೆ ಅನಿಸಿತ್ತು. ಏನೂ ಕೇಳಲಿಲ್ಲ. ನೂರು ದಿನದಿಂದ ಒಂದೊಂದು ಡಬ್ಬದ ಬೆಲೆ ಹೇಳುತ್ತಿದ್ದವಳಿಗೆ ಈ ಬಾಗಿಲ ಎದುರು ಬಾಯಿ ಇರಲಿಲ್ಲ. ಉನಾಯ್ಸಿ ಅಂಗೈಯನ್ನು ಕಬ್ಬಿಣಕ್ಕೆ ಒತ್ತಿದಳು. ಮಧ್ಯಾಹ್ನದ ಬಿಸಿಲು ಕುಡಿದ ಕಬ್ಬಿಣ ಸುಡುತ್ತಿತ್ತು. ಅವಳು ಕೈ ತೆಗೆಯಲಿಲ್ಲ. ಒಳಗೆ ಯಾರೋ ಇದ್ದ ಹಾಗೆ, ಆಚೆ ಬದಿಯಿಂದ ಅದೇ ಜಾಗಕ್ಕೆ ಇನ್ನೊಂದು ಕೈ ಒತ್ತಿದ ಹಾಗೆ. ತಡೆಯಲಾರದೆ ಹಿಂದೆ ಸರಿದಳು.

"ಅಕ್ಕ."

ಸಕಿಯಾಸಿ. ಕೈಯಲ್ಲಿ ಬಣ್ಣದ ಡಬ್ಬ, ಮೂಗಿನ ತುದಿಗೆ ಹಸಿರು ಬಣ್ಣ. ದಪ್ಪ ದೇಹ ಇಳಿದುಹೋಗಿತ್ತು.

"ಕೂತ್ಕೊಳಿ ಅಕ್ಕ. ನೀರು ತರ್ಲಾ?"

"ಇದೇನು ಸಕಿಯಾಸಿ?"

ಅವನು ಅವಳ ಬೆರಳು ತೋರಿಸಿದ ಅಗುಳಿಯ ಕಡೆ ನೋಡಿದ. ನೋಡಬೇಕಾಗಿಯೇ ಇರಲಿಲ್ಲ.

"ಕಳ್ಳತನ ಅಕ್ಕ. ನಿಮಗೆ ಗೊತ್ತಿಲ್ವಾ ಕೇರಿ."

"ಹೊರಗಿನ ಕಳ್ಳನಿಗೆ ಒಳಗಿಂದ ಅಗುಳಿ ಹಾಕ್ತಾರೆ. ಹೊರಗಿಂದ ಹಾಕೋದು ಒಳಗಿರೋರಿಗೆ."

"ಲಿತಿಯಾನ ನಾನು ಯಾವತ್ತೂ ಕಳ್ಳಿ ಅಂದಿಲ್ಲ. ದೇವರಾಣೆ."

"ಬಾಯಲ್ಲಿ ಅಂದಿಲ್ಲ."

ಸಕಿಯಾಸಿ ಡಬ್ಬವನ್ನು ನೆಲಕ್ಕಿಟ್ಟ. ಅವನ ದನಿ ಸಣ್ಣದಾಯಿತು. "ಅಕ್ಕ, ಒಂದ್ಮಾತು ಹೇಳ್ತೀನಿ, ತಪ್ಪು ತಿಳೀಬೇಡಿ. ನನ್ನ ಅಂಗಡೀಲಿ ಎಲ್ಲಾ ಯಾಕೆ ಕಡಿಮೆ ಅಂದ್ಕೊಂಡಿದೀರಿ? ಹಿಂದಿನ ಬಾಗಿಲಿಂದ ಹುಡುಗೀರು ಒಂದೊಂದು ಡಬ್ಬ ದಾಟಿಸಿದ್ರೆ ನಾನು ಬೆಲೆ ಏರಿಸಬೇಕು. ಏರಿಸಿದ್ರೆ ಬೈಯೋರು ಯಾರು? ನೀವೇ. ಆ ಬೀಗ ನನಗೋಸ್ಕರ ಅಲ್ಲ, ನಿಮ್ಮೆಲ್ಲರಿಗೋಸ್ಕರ. ಅದಿರೋದು ಕೇರೀಲಿ ಯಾರಿಗೆ ಗೊತ್ತಿರಲಿಲ್ಲ ಹೇಳಿ?"

ಯಾರಿಗೂ ಗೊತ್ತಿಲ್ಲದೆ ಇರಲಿಲ್ಲ. ಲಿತಿಯಾ ಮನೆಗೆ ಬಂದು ಹೇಳಿದ್ದಳು, "ಕೋಳಿ ಕೂಡಿಹಾಕಿದ ಹಾಗೆ ಕೂಡಿಹಾಕ್ತಾನಮ್ಮ" ಎಂದು ಕೈ ಬಡಿದು ಕೋಳಿಯ ಹಾಗೆ ಕೂಗಿ ನಗಿಸಿದ್ದಳು. ಅಂದು ರಾತ್ರಿ ಊಟಕ್ಕೆ ಅದೇ ಅಂಗಡಿಯ ಮೀನು.

"ವಾಸಿತಿ ಒಳಗಿದ್ದಾಗಲೂ ಹಾಕ್ತೀಯಾ?"

"ಈ ಸಲ ಕಬ್ಬಿಣದ ಬಾಗಿಲು ಅಕ್ಕ. ಸೀಮೆಎಣ್ಣೆ ಬೇರೆ ಕಡೆ ಇಟ್ಟಿದೀನಿ. ಏನೂ ಆಗಲ್ಲ."

"ಹಾಕ್ತೀಯಾ?"

ಅವನು ಬಗ್ಗಿ ಬಣ್ಣದ ಡಬ್ಬದ ಮುಚ್ಚಳ ಒತ್ತಿದ. "ನಿಮ್ಮ ಭಾವ ಹಲ್ಲು ತಗೊಂಡಿದಾರೆ ಅಕ್ಕ," ಎಂದ, ನೆನಪಿಸುವವನ ಹಾಗಲ್ಲ, ಬೇಡಿಕೊಳ್ಳುವವನ ಹಾಗೆ. "ಮಣ್ಣಾಗಿದ್ದನ್ನ ಅಗೀಬಾರದು."

*

ಮರುದಿನ ಉನಾಯ್ಸಿ ಫೂಲ್‌ಮತಿಯ ಅಂಗಡಿಗೆ ಹೋದಾಗ ಗಿರಾಕಿಗಳು ಇರಲಿಲ್ಲ. ಫೂಲ್‌ಮತಿ ಕ್ಯಾಶಿನ ಮುಂದೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ನಾಳೆಯಿಂದ ಇಲ್ಲಿ ನೊಣ ಹೊಡೀಬೇಕು ನಾನು," ಎಂದಳು. "ಎಲ್ಲ ಅಲ್ಲಿಗೆ ಓಡ್ತೀರಿ. ಓಡಿ. ನೂರು ದಿನ ಟೈಲ್ಸು ಒರೆಸಿ ನನ್ನ ಸೊಸೆ ಸೊಂಟ ಹೋಯ್ತು." ಆಮೇಲೆ, ಹೇಳಿದ್ದು ಹೆಚ್ಚಾಯಿತೆನ್ನಿಸಿ, ಕೌಂಟರಿನ ಕೆಳಗಿನಿಂದ ಒಂದು ಸಣ್ಣ ಚಹಾಪುಡಿಯ ಪೊಟ್ಟಣ ತೆಗೆದು ಮುಂದೆ ತಳ್ಳಿದಳು. "ತಗೊಳಿ. ದುಡ್ಡು ಬೇಡ. ನೂರನೇ ರಾತ್ರಿಗೆ."

ಉನಾಯ್ಸಿ ಪೊಟ್ಟಣವನ್ನು ಮುಟ್ಟಲಿಲ್ಲ. "ಫೂಲ್‌ಮತಿ ಅಮ್ಮ, ನಿಮ್ಮ ಹಿಂದಿನ ಬಾಗಿಲು ತೋರಿಸ್ತೀರಾ?"

"ಯಾಕೆ?"

"ಸುಮ್ಮನೆ."

"ಸುಮ್ಮನೆ ಯಾರಾದ್ರೂ ಹಿಂದಿನ ಬಾಗಿಲು ನೋಡ್ತಾರಾ?" ಎಂದಳು ಫೂಲ್‌ಮತಿ. ಆದರೆ ಆ ಸೂತಕದ ಕಪ್ಪು ಬಟ್ಟೆಯವಳಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಎದ್ದು, ಕಾಲೆಳೆಯುತ್ತ, ಅಕ್ಕಿಯ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಕರೆದೊಯ್ದಳು. ಹಿಂದೆ ಕತ್ತಲೆ. ಅಲ್ಲಿ ಟೈಲ್ಸಿಲ್ಲ, ಫ್ಯಾನಿಲ್ಲ. ಬೆವರಿದ ಸೊಸೆ ಬೇಳೆ ತೂಗುತ್ತಿದ್ದಳು. ಬಾಗಿಲಿಗೆ ಒಳಗಿನಿಂದ ಅಗುಳಿ, ಅಗುಳಿಗೆ ಬೀಗ. ಬೀಗದ ಕೈ ಫೂಲ್‌ಮತಿಯ ಸೀರೆಯ ಸೆರಗಿನ ಗಂಟಿನಲ್ಲಿತ್ತು.

ಉನಾಯ್ಸಿ ಬೀಗವನ್ನು ನೋಡಿದಳು. ಗಂಟನ್ನು ನೋಡಿದಳು. ಇಲ್ಲಿ ಬೆಲೆಯೂ ಹೆಚ್ಚು, ಬೀಗವೂ ಇದೆ. ಸಕಿಯಾಸಿಯ ಲೆಕ್ಕ ಅವಳ ತಲೆಯೊಳಗೆ ಒಮ್ಮೆ ಮಗುಚಿ ಬಿತ್ತು. ಅಗ್ಗಕ್ಕಾಗಿ ಬೀಗವೆಂದಿದ್ದ. ಹಾಗಾದರೆ ಇದು ಯಾತಕ್ಕಾಗಿ?

"ನಾನು ಯಾವಾಗ್ಲೂ ಇಲ್ಲೇ ಇರ್ತೀನಲ್ಲ," ಎಂದಳು ಫೂಲ್‌ಮತಿ.

"ಸಕಿಯಾಸಿನೂ ಯಾವಾಗ್ಲೂ ಇಲ್ಲೇ ಇರ್ತೀನಿ ಅಂತಿದ್ದ."

ಸೊಸೆಯ ತಕ್ಕಡಿ ನಿಂತಿತು. ಫೂಲ್‌ಮತಿಯ ಮುಖ ಕೆಂಪಾಯಿತು. ಸಿಟ್ಟಿನಿಂದಲೇ ಸೆರಗಿನ ಗಂಟು ಬಿಚ್ಚಿ, ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತಗುಲಿಸಿದಳು.

"ತಗೊಳಿ. ಇಲ್ಲೇ ಇರತ್ತೆ ಇನ್ಮೇಲೆ. ಸಾಕಾ?"

"ನನ್ನ ಕೇಳಬೇಡಿ. ಸಾಕೋ ಇಲ್ವೋ ಅಂತ ನಿಮ್ಮ ಸೊಸೇನ ಕೇಳಿ."

ಸೊಸೆ ತಲೆಯೆತ್ತಲಿಲ್ಲ. ಬೇಳೆಯ ಪೊಟ್ಟಣಕ್ಕೆ ಗಂಟು ಹಾಕಿದಳು, ಬಹಳ ನಿಧಾನವಾಗಿ. ಆಮೇಲೆ ಮೊಳೆಯ ಕಡೆ ಒಂದು ಸಲ, ಒಂದೇ ಸಲ, ಕಣ್ಣು ಹಾಯಿಸಿದಳು.

ಹೊರಗೆ ಬರುವಾಗ ಉನಾಯ್ಸಿ ಕಾಯುತ್ತಿದ್ದಳು. ಎಡಗಿವಿಯ ಹತ್ತಿರ, ಅಮ್ಮಾ ನಮ್ಮಲ್ಲಿ ಕಡಿಮೆ, ಎನ್ನುವ ಮಾತಿಗೆ. ಅದು ಬಂತು. ಬಂದರೆ ಎದೆ ಹಿಂಡುತ್ತದೆ, ಬಾರದಿದ್ದರೆ ಉಸಿರು ನಿಲ್ಲುತ್ತದೆ. ನಾಳೆ ಆ ಅಂಗಡಿಗೆ ಕಾಲಿಟ್ಟರೆ ಅಲ್ಲಿ ಏನನ್ನು ಹೇಳುತ್ತಾಳೆ ಇವಳು? ಅಲ್ಲಿಗಿಂತ ಕಡಿಮೆ ಎಲ್ಲೂ ಇಲ್ಲ. ಅಲ್ಲಿ ಅವಳ ಮಾತು ಮುಗಿದುಹೋಗುತ್ತದೆ.

*

ಶನಿವಾರ ಬೆಳಿಗ್ಗೆ ಕೇರಿ ಹಬ್ಬದ ಹಾಗೆ ಮಿಂದು ಬಂದಿತ್ತು. ನೂರನೇ ರಾತ್ರಿಯ ಊಟದ ಎಣ್ಣೆ ಇನ್ನೂ ಕೈಗಳಲ್ಲಿ ಹೊಳೆಯುತ್ತಿತ್ತು. ಸಕಿಯಾಸಿಯ ಅಂಗಡಿಯ ಮುಂದೆ ಕೋಲಿನಿಂದ ಮೆಟ್ಟಿಲವರೆಗೆ ಕೇದಗೆ ಗರಿಯ ಚಾಪೆ ಹಾಸಿದ್ದರು. ಗೋಡೆಗೆ ಹಸಿರು ಬಣ್ಣ. ಅಂಗಡಿಯ ನೆತ್ತಿಯ ಮೇಲೆ ಕೆಂಪು ಅಕ್ಷರದ ಬಟ್ಟೆ: ಇಂದು ಎಲ್ಲದರ ಬೆಲೆ ಇನ್ನೂ ಕಡಿಮೆ. ಜನರ ಕೈಯಲ್ಲಿ ಖಾಲಿ ಚೀಲ, ಬುಟ್ಟಿ, ದಿಂಬಿನ ಕವರು. ಮುಂದಿನ ಸಾಲಿನಲ್ಲಿ ನಿಂತವರು ಹಿಂದಿನವರನ್ನು ಮೊಣಕೈಯಿಂದ ತಡೆಯುತ್ತಿದ್ದರು.

"ತಳ್ಳಬೇಡವೋ, ಮೀನು ಓಡಿಹೋಗಲ್ಲ, ಡಬ್ಬದಲ್ಲಿದೆ!" ಎಂದು ಯಾರೋ ಕೂಗಿದರು. ನಗು ಎದ್ದಿತು.

ಕೌಂಟರಿನ ಹಿಂದೆ ವಾಸಿತಿ ನಿಂತಿದ್ದಳು. ಹದಿನೆಂಟರ ಹುಡುಗಿ, ಹೊಸ ಅಂಗಿ, ಕಿವಿಗೆ ಹೂವು. ಅವಳ ತಾಯಿ ಮಕೆರೆತಾ ಕಟಾಂಜನದ ಹತ್ತಿರ ನಿಂತು ಮಗಳ ಕಾಲರನ್ನು ದೂರದಿಂದಲೇ ಕೈಸನ್ನೆ ಮಾಡಿ ಸರಿಪಡಿಸುತ್ತಿದ್ದಳು.

ಉನಾಯ್ಸಿ ಬಂದಾಗ ದಾರಿ ಬಿಟ್ಟರು. ಅವಳು ಚಾಪೆಯ ಈಚೆ ತುದಿಯಲ್ಲಿ ಕೋಲಿನ ಬಳಿ ನಿಂತಳು. ಗರಿ ಒಣಗಿ ಕಂದಾಗಿತ್ತು. ಹಿರಿಯರು ಒಂದು ಬದಿ ಕೂತಿದ್ದರು. ನೆಮಾನಿ ಎದ್ದು ಪ್ರಾರ್ಥನೆ ಹೇಳಿದ. ದೇವರು ಕೊಟ್ಟ, ದೇವರು ತಗೊಂಡ ಎಂದ. ತಪ್ಪು ಮಾಡಿದವನು ತಲೆ ಬಾಗಿದ, ನೋವುಂಡವರು ಕೈ ಚಾಚಿದರು, ಇನ್ನು ಕೇರಿಯಲ್ಲಿ ಒಂದೇ ಹೃದಯ ಎಂದ. ಜನ ಆಮೆನ್ ಎಂದರು. ನೆಮಾನಿ ಅವಳ ಕಡೆ ತಿರುಗಿ ಮೃದುವಾಗಿ ಹೇಳಿದ:

"ಉನಾಯ್ಸಿ, ಕೀಳಮ್ಮ."

ಅವಳು ಕೋಲಿನ ಮೇಲೆ ಕೈಯಿಟ್ಟಳು. ಗದ್ದಲ ನಿಂತಿತು. ಚೀಲಗಳು ಗಾಳಿಗೆ ಪರಪರ ಎಂದವು.

"ಭಾವ, ಹಿಂದಿನ ಬಾಗಿಲು ನೋಡಿದ್ರಾ?"

ನೆಮಾನಿ ಗೊಂದಲದಿಂದ ಸಕಿಯಾಸಿಯ ಕಡೆ ನೋಡಿದ. ಸಕಿಯಾಸಿ ನೆಲ ನೋಡುತ್ತಿದ್ದ.

"ಹಲ್ಲು ತಗೊಂಡ ಮೇಲೆ ಆ ಮಾತೆಲ್ಲ ಎತ್ತೋ ಹಾಗಿಲ್ಲ ಕಣಮ್ಮ. ಗೊತ್ತಲ್ಲ ನಿನಗೆ."

"ಹಳೇ ಬಾಗಿಲಿನ ಮಾತಲ್ಲ ಭಾವ. ಅದು ಉರಿದುಹೋಯ್ತು, ಅದಕ್ಕೆ ನೀವು ಹಲ್ಲು ತಗೊಂಡ್ರಿ, ಆಯ್ತು. ನಾನು ಕೇಳ್ತಿರೋದು ಹೊಸ ಬಾಗಿಲು. ಅದಕ್ಕೆ ಹಲ್ಲು ತಗೊಂಡಿದೀರಾ? ವಾಸಿತಿಗೆ ಈಗಲೇ ಒಂದು ಹಲ್ಲು ತೆಗೆದಿಟ್ಟಿದೀರಾ?"

ಕೌಂಟರಿನ ಹಿಂದೆ ವಾಸಿತಿಯ ಕೈ ತಕ್ಕಡಿಯ ಮೇಲೆ ಹಾಗೆಯೇ ನಿಂತಿತು.

"ಅತ್ತಿಗೆ!" ಮಕೆರೆತಾ ಮುಂದೆ ಬಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ನನ್ನ ಮಗಳ ಹೆಸರು ಎತ್ತಬೇಡ ನೀನು. ನಾಲಿಗೆ ಕಡಿದುಬಿಡ್ತೀನಿ. ನೂರು ದಿನ ನಿನ್ನ ಮಗಳಿಗೋಸ್ಕರ ಹೊಟ್ಟೆ ಕಟ್ಟಿದೀನಿ. ಇನ್ನೆಷ್ಟು ದಿನ?"

"ಹೋಗಿ ನೋಡಿ ಬಾ ಮಕೆರೆತಾ. ಹಿಂದೆ ಹೋಗಿ ಬಾಗಿಲು ನೋಡಿ ಬಾ. ಆಮೇಲೆ ಕಡಿ."

ಮಕೆರೆತಾ ಹೋಗಲಿಲ್ಲ. ಅವಳು ನೋಡಿದ್ದಳು. ಅದು ಅವಳ ಮುಖದಲ್ಲಿ ಎಲ್ಲರಿಗೂ ಕಂಡಿತು.

"ಕೀಳೇ ಸುಮ್ಮನೆ!" ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು. "ನನ್ನ ಮೊಮ್ಮಗು ಮೂರು ದಿನದಿಂದ ಬರೀ ಗೆಣಸು ತಿಂದಿದೆ!" ಇನ್ನೊಬ್ಬ, "ಫೂಲ್‌ಮತಿ ಎಷ್ಟು ಕೊಟ್ಳು ನಿನಗೆ?" ಎಂದ. ಅವನ ಮಾತಿಗೆ ಕೆಲವರು ನಕ್ಕರು, ಕೆಲವರು ಅವನನ್ನು ಗದರಿದರು. ಸಕಿಯಾಸಿ ಮೆಟ್ಟಿಲಿಳಿದು ಬಂದು ಎರಡೂ ಕೈ ಜೋಡಿಸಿದ.

"ಅಕ್ಕ, ಇವತ್ತು ಕೀಳಿ. ಬಾಗಿಲಿನ ಮಾತು ಆಮೇಲೆ ಕೂತು ಮಾತಾಡೋಣ."

"ಬೀಗ ತೆಗೆಯಕ್ಕೆ ಎಷ್ಟು ಹೊತ್ತು ಬೇಕು ಸಕಿಯಾಸಿ? ಹೋಗಿ ತೆಗಿ. ಅಗುಳಿ ಕಿತ್ತು ತಂದು ಇಲ್ಲಿ ಇಡು. ಆಮೇಲೆ ನಾನು ಕೀಳ್ತೀನಿ, ಒಳಗೂ ಹೋಗ್ತೀನಿ."

ಸಕಿಯಾಸಿಯ ಕೈ ಜೇಬಿಗೆ ಹೋಯಿತು. ಅಲ್ಲೇ ನಿಂತಿತು. ಅವನು ಜನರ ಚೀಲಗಳನ್ನೂ, ತನ್ನ ಗೋಡೆಯನ್ನೂ ಒಂದು ಸುತ್ತು ನೋಡಿದ. "ಎಲ್ಲರೆದುರಿಗೆ ಹೀಗೆ ಮಾಡಿಸಿದ್ರೆ ನಾಳೆ ನನ್ನ ಮಾತಿಗೆ ಯಾರು ಹೆದರ್ತಾರೆ ಅಕ್ಕ?" ಎಂದ, ತುಂಬ ಕೆಳದನಿಯಲ್ಲಿ. ಅವನ ಕೈ ಹೊರಗೆ ಬರಲಿಲ್ಲ.

ನೆಮಾನಿಯ ಮುಖ ಗಟ್ಟಿಯಾಯಿತು. ಅವನು ಕೋಲಿನ ಹತ್ತಿರ ಬಂದ. ತಾನೇ ಕಿತ್ತು ಎಸೆಯಬಹುದಿತ್ತು. ನೆಟ್ಟ ಕೈಯೇ ಕೀಳಬೇಕೆಂಬ ಕಟ್ಟಳೆಯನ್ನು ಮುರಿದವನ ಮಾತನ್ನು ನಾಳೆ ಯಾರೂ ಕೇಳುವುದಿಲ್ಲ. ಅದೂ ಅವನಿಗೆ ಗೊತ್ತಿತ್ತು.

"ಉನಾಯ್ಸಿ. ನಾನು ನಿನ್ನ ಗಂಡನ ಅಣ್ಣ. ಕುಲದ ಹಿರಿಯ. ಹೇಳ್ತಾ ಇದೀನಿ. ಕೀಳು."

ಉನಾಯ್ಸಿ ಕೋಲಿನಿಂದ ಕೈ ತೆಗೆದಳು. ಕಪ್ಪು ಲಂಗವನ್ನು ಮಂಡಿಯ ಕೆಳಗೆ ಮಡಚಿ, ಚಾಪೆಯ ಅಂಚು ಬಿಟ್ಟು ಈಚೆ, ಬರೀ ಮಣ್ಣಿನ ಮೇಲೆ ಕೂತಳು.

"ಇಲ್ಲ ಭಾವ," ಎಂದಳು.

ಕಾಂಡ್ಲಾ ಗಿಡಗಳ ಕಡೆಯಿಂದ ಗಾಳಿ ಬಂದು ಚಾಪೆಯ ಒಂದು ಮೂಲೆಯನ್ನು ಎತ್ತಿ ಮಡಚಿತು. ಅದನ್ನು ಸರಿಪಡಿಸಲು ಯಾರೂ ಬಗ್ಗಲಿಲ್ಲ. ಯಾರೂ ಒಳಗೆ ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ಒಳಗೆ ವಾಸಿತಿ ಕಿವಿಯ ಹೂವನ್ನು ತೆಗೆದು ಕೌಂಟರಿನ ಮೇಲಿಟ್ಟಿದ್ದಳು.

"ಏಳು," ಎಂದ ನೆಮಾನಿ.

ಅವಳು ಏಳಲಿಲ್ಲ.